ಆರನೆಯ ಗೆರೆ

ಎಲ್ಲ ಶುರುವಾದದ್ದು ವ್ಯಾನ್ ಡ್ರೈವರ್‌ನ ರಕ್ತದಿಂದ.

ಆಸ್ಪತ್ರೆಗಳಿಂದ ಲ್ಯಾಬಿಗೆ ರಕ್ತದ ಮಾದರಿಗಳನ್ನು ತರುವ ಆ ಮನುಷ್ಯ ಮೂರು ಮಕ್ಕಳ ತಂದೆ. ನಾಲ್ಕನೆಯದು ಬೇಡವೆಂದು ಹೆಂಡತಿ ಕೈಮುಗಿದಳು ಎಂದು ತಾನೇ ಹೇಳಿಕೊಂಡು ನಗುವವನು. ಆ ದಿನ ವಂಶವಾಹಿ ಪರೀಕ್ಷೆಯ ಕೋಣೆಯಲ್ಲಿ ಹೋಲಿಕೆಗೆಂದು ಇಡುವ ಕಂಟ್ರೋಲ್ ರಕ್ತ ಮುಗಿದುಹೋಗಿತ್ತು, ಮುಖ್ಯಸ್ಥ ಜ್ವರವೆಂದು ಮನೆಯಲ್ಲಿದ್ದ. ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಟೆಕ್ನಿಷಿಯನ್ ಡ್ರೈವರ್‌ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಟ್ಯೂಬು ರಕ್ತ ತೆಗೆದುಕೊಂಡಳು. ನನ್ನ ರಕ್ತದಿಂದ ಮಕ್ಕಳಾಗದವರಿಗೆ ಮಕ್ಕಳಾಗುತ್ತಾ ಎಂದು ಅವನು ಕೇಳಿದನಂತೆ. ಅವರಿಗಾಗುತ್ತೋ ಇಲ್ಲವೋ, ನಿನಗಂತೂ ಇನ್ನು ಸಾಕು, ಸುಮ್ಮನೆ ಮುಷ್ಟಿ ಬಿಗಿ ಹಿಡಿ ಎಂದಳಂತೆ ಅಕ್ಕ.

ಮುಖ್ಯಸ್ಥನನ್ನು ಬೆನ್ನ ಹಿಂದೆ ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಕಣ್ಣಂದಾಜು ಎಂಬ ಮಾತು ಅವನ ಮುಂದೆ ಆಡುವಂತಿರಲಿಲ್ಲ. ಯಾವ ಕೆಟ್ಟ ಸುದ್ದಿಯನ್ನೂ ಒಂದೇ ಸಲದ ಪರೀಕ್ಷೆ ನೋಡಿ ಬರೆಯಬಾರದು, ಎರಡನೆಯ ಸಲವೂ ಅದೇ ಬಂದರೆ ಮಾತ್ರ ಬರೆಯಬೇಕು ಎಂಬುದು ಅವನು ಹಾಕಿಕೊಟ್ಟ ಕಟ್ಟಳೆ. ಒಳ್ಳೆಯ ಸುದ್ದಿಗೂ ಅದೇ ಕಟ್ಟಳೆ ಇರಬೇಕಿತ್ತೆಂದು ಅವನಿಗೆ ಹೊಳೆದಿರಲಿಲ್ಲ.

ಅವರು ಮಾಡುತ್ತಿದ್ದ ಪರೀಕ್ಷೆ ಮಕ್ಕಳಾಗದ ಗಂಡಸರದು. ವೈ ಎಂಬ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ; ಹೆಣ್ಣುಮಕ್ಕಳಿಗೆ ಅದರ ಪಾಲಿಲ್ಲ. ವೀರ್ಯಾಣು ತಯಾರಾಗಲು ಬೇಕಾದ ಕೆಲವು ಸೂಚನೆಗಳು ಆ ತಂತುವಿನ ಮೇಲೆಯೇ ಇರುತ್ತವೆ. ಕೆಲವರಲ್ಲಿ ಅದರ ಒಂದು ತುಂಡು ಕಳಚಿಹೋಗಿರುತ್ತದೆ. ಯಾವ ತುಂಡು ಇದೆ, ಯಾವುದು ಇಲ್ಲ ಎಂದು ನೋಡಲು ಒಂದೊಂದು ಜಾಗಕ್ಕೂ ಒಂದೊಂದು ಪ್ರೈಮರ್, ಅಂದರೆ ಆ ಜಾಗವನ್ನು ಮಾತ್ರ ಹುಡುಕಿ ಹಿಡಿಯುವ ರಾಸಾಯನಿಕ. ತುಂಡು ಇದ್ದರೆ ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲೆ ಅದಕ್ಕೊಂದು ಗೆರೆ ಹೊಳೆಯುತ್ತದೆ. ಇಲ್ಲದಿದ್ದರೆ ಆ ಜಾಗ ಕತ್ತಲು. ಆದರೆ ಗೆರೆ ಬಾರದಿರುವುದಕ್ಕೆ ಪ್ರೈಮರ್ ಕೆಟ್ಟಿರುವುದೂ ಕಾರಣವಿರಬಹುದಲ್ಲ. ಅದಕ್ಕೇ ಪ್ರತಿ ಸಲವೂ ರೋಗಿಯ ಪಕ್ಕದಲ್ಲಿ, ಮಕ್ಕಳನ್ನು ಪಡೆದ ಆರೋಗ್ಯವಂತ ಗಂಡಸೊಬ್ಬನ ರಕ್ತವನ್ನೂ ಅದೇ ಪರೀಕ್ಷೆಯಲ್ಲಿ ಓಡಿಸುವುದು. ಅದೇ ಕಂಟ್ರೋಲ್. ಅವನಲ್ಲೂ ಗೆರೆ ಬಾರದಿದ್ದರೆ ತಪ್ಪು ರೋಗಿಯದಲ್ಲ, ಪ್ರೈಮರಿನದು.

ಲ್ಯಾಬು ತೆರೆದಾಗಿನಿಂದ ಆ ಆರೋಗ್ಯವಂತ ಗಂಡಸು ತಕ್ಕಡಿಯೇ. ಅವನಿಗೆ ಮಗನಿದ್ದ. ಅದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ ಅಕ್ಕ ಡ್ರೈವರ್‌ನ ಜೆಲ್ಲಿನ ಚಿತ್ರ ತೋರಿಸಿದಳು. ಆರು ಗೆರೆಗಳು, ಎಳೆದು ಇಟ್ಟಂತೆ. "ಅಂತೂ ಆರನೇದು ಬಂತು ಸಾರ್. ಈ ಸಲ ಕಳಿಸಿದ ಪ್ರೈಮರ್ ಚೆನ್ನಾಗಿದೆ" ಎಂದಳು.

ಆರನೆಯ ಗೆರೆ ಹೊಸದು. ಮೊದಲು ಐದೇ ಜಾಗಗಳನ್ನು ನೋಡುತ್ತಿದ್ದರು. ಆರನೆಯದಕ್ಕೆಂದು ಮೊದಲ ಸಲ ಪ್ರೈಮರ್ ತರಿಸಿದಾಗ ಅದು ಯಾವುದರಲ್ಲೂ ಹೊಳೆದಿರಲಿಲ್ಲ. ರೋಗಿಯಲ್ಲೂ ಇಲ್ಲ, ಕಂಟ್ರೋಲಿನಲ್ಲೂ ಇಲ್ಲ. ಸರಕು ಕೆಟ್ಟದ್ದು ಎಂದು ತಕ್ಕಡಿ ತೀರ್ಮಾನಿಸಿ ಬೇರೆ ಕಳಿಸಲು ಬರೆದಿದ್ದ. ಅದು ಬರಲು ತಿಂಗಳುಗಟ್ಟಲೆ ಹಿಡಿದಿತ್ತು. ಅಷ್ಟರಲ್ಲಿ ಆ ರೋಗಿಗೆ, ಮಿಕ್ಕ ಐದು ಗೆರೆಗಳನ್ನು ನೋಡಿ, ಯಾವ ತುಂಡೂ ಕಳಚಿಲ್ಲ ಎಂದು ವರದಿ ಕೊಟ್ಟಾಗಿತ್ತು.

ಆ ರೋಗಿ ಅವನ ತಮ್ಮ.

ಡ್ರೈವರ್‌ನ ಆರು ಗೆರೆಗಳನ್ನು ನೋಡಿ ತಲೆಯಾಡಿಸಿದ ತಕ್ಕಡಿಗೆ ಆಗಲೂ ಏನೂ ಅನ್ನಿಸಲಿಲ್ಲ. ಹೊಸ ಕಂಟ್ರೋಲನ್ನು ಹಳೆಯದರ ಜೊತೆ ಹೋಲಿಸಿ ನೋಡದೆ ಬಳಸಬಾರದೆಂದು ತನ್ನದೂ ಒಂದು ಟ್ಯೂಬು ರಕ್ತ ತೆಗೆಸಿ ಓಡಿಸಿದ. ಮಧ್ಯಾಹ್ನ ಕತ್ತಲೆ ಪೆಟ್ಟಿಗೆಯ ಮುಚ್ಚಳ ತೆರೆದು ನೇರಳೆ ಬೆಳಕಿನಲ್ಲಿ ನೋಡಿದರೆ ಡ್ರೈವರ್‌ನ ಸಾಲಿನಲ್ಲಿ ಆರು, ಅವನ ಸಾಲಿನಲ್ಲಿ ಐದು. ಅದೇ ಪ್ರೈಮರ್, ಅದೇ ಯಂತ್ರ, ಅದೇ ಕೈ. ಮತ್ತೊಮ್ಮೆ ಓಡಿಸಿದ. ಮತ್ತೆ ಐದು. ಶೀತಪೆಟ್ಟಿಗೆಯಿಂದ ತಮ್ಮನ ಹಳೆಯ ಮಾದರಿಯನ್ನು ಹುಡುಕಿ ತೆಗೆದು ಅದನ್ನೂ ಪಕ್ಕಕ್ಕಿಟ್ಟು ಓಡಿಸಿದ. ಅದರಲ್ಲೂ ಐದು. ಅಣ್ಣತಮ್ಮಂದಿರ ಸಾಲುಗಳು ಒಂದನ್ನೊಂದು ನೋಡಿ ಬರೆದಂತಿದ್ದವು, ಕೊನೆಯಲ್ಲಿ ಅದೇ ಕತ್ತಲು. ಮೊದಲ ಪ್ರೈಮರ್ ಕೆಟ್ಟಿರಲಿಲ್ಲ; ಇಬ್ಬರಲ್ಲೂ ಆ ತುಂಡೇ ಇರಲಿಲ್ಲ.

ಅಕ್ಕ ಅವನ ಭುಜದ ಹಿಂದಿನಿಂದ ಬಗ್ಗಿ ನೋಡಿ, ಈ ಎರಡು ಯಾರದ್ದು ಸಾರ್ ಎಂದು ಕೇಳಿದಳು. ಹಳೇದು ಎಂದ. ಅವಳು ತನ್ನ ಮೇಜಿಗೆ ಹಿಂದಿರುಗಿದಳು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಶಾಲೆಯ ಟೀಚರ್. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ತಮ್ಮನಲ್ಲಿ ವೀರ್ಯಾಣು ತೀರಾ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ವಂಶವಾಹಿ ದೋಷವೇನೂ ಇಲ್ಲ ಎಂಬ ಅಣ್ಣನ ವರದಿ ಕೈಗೆ ಸಿಕ್ಕ ದಿನ ತಮ್ಮ ಲ್ಯಾಬಿಗೇ ಬಂದು, "ನೋಡಿದ್ಯಾ, ಮನೆತನದ ಮರ್ಯಾದೆ ಉಳೀತು" ಎಂದು ಅಣ್ಣನ ಬೆನ್ನಿಗೆ ಗುದ್ದಿದ್ದ. ಆ ವರದಿ ನಂಬಿಕೊಂಡು, ಇರುವ ಕೆಲವೇ ವೀರ್ಯಾಣುಗಳನ್ನು ಹೆಕ್ಕಿ ಪ್ರಯೋಗಾಲಯದಲ್ಲೇ ಒಂದೊಂದನ್ನೂ ಅಂಡಾಣುವಿನೊಳಗೆ ಚುಚ್ಚಿ ಭ್ರೂಣ ಮಾಡಿಸಿದ್ದರು. ಹಿಂದೆ ಒಮ್ಮೆ ಮಾಡಿಸಿ ಕೈಸುಟ್ಟುಕೊಂಡಿದ್ದರು. ಈ ಸಲ ಚೆನ್ನಾಗಿ ಬಂದಿವೆಯಂತೆ. ಗುರುವಾರ ಬೆಳಿಗ್ಗೆ ಅವನ್ನು ಅವಳ ಗರ್ಭದೊಳಗೆ ಬಿಡುವುದೆಂದು ನಿಗದಿಯಾಗಿತ್ತು.

ಆ ಭ್ರೂಣಗಳಲ್ಲಿ ಯಾವುದಾದರೂ ಗಂಡಾಗಿದ್ದರೆ, ತಂದೆಯ ತಂತು, ತಂದೆಯ ಕತ್ತಲು, ಹಾಗೇ ಅದಕ್ಕೆ ಇಳಿದಿರುತ್ತದೆ. ಗಂಡೋ ಹೆಣ್ಣೋ ಎಂದು ಆರಿಸಿ ಬಿಡಲು ಕಾನೂನು ಒಪ್ಪುವುದಿಲ್ಲ. ಆದರೆ ವಿಷಯ ಗೊತ್ತಿದ್ದು ಮುಂದುವರಿಯುವುದು ಬೇರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಂದುವರಿಯುವುದು ಬೇರೆ. ಆ ಬಟ್ಟೆ ಕಟ್ಟಿದವನು ತಾನು. ಗುರುವಾರದೊಳಗೆ ಹೇಳಲೇಬೇಕು.

ಹೇಳದಿರಲು ಅವನಿಗೊಂದು ನೆಪವೂ ಸಿಕ್ಕಿತು. ಅದು ನೆಪದಂತೆ ಕಾಣದೆ ವಿಜ್ಞಾನದಂತೆ ಕಂಡಿತು. ಆರನೆಯ ತುಂಡೊಂದೇ ಇಲ್ಲದ ಎಷ್ಟೋ ಗಂಡಸರಿಗೆ ಮಕ್ಕಳಾಗಿವೆ. ತನಗೇ ಮಗ ಆಗಿದ್ದಾನಲ್ಲ. ಹೆದರಿಕೆ ಇರುವುದು ಬೇರೆ ಕಡೆ: ಹೀಗೆ ಒಂದೆಡೆ ಕಳಚಿದ ತಂತು ಮುಂದಿನ ತಲೆಮಾರಿನಲ್ಲಿ ಇನ್ನಷ್ಟು ಕಳಚುವುದುಂಟೆಂದು ಅವನು ಓದಿದ್ದ. ಪ್ರತಿ ಸಲವೂ ಅಲ್ಲ, ಕೆಲವು ಸಲ. ಹಾಗಾದರೆ ಮಗನದನ್ನು ನೋಡಿದರಾಯಿತು. ಮಗನಲ್ಲೂ ಐದು ಗೆರೆಗಳಿದ್ದರೆ ಕಳಚಿದ್ದು ಅಲ್ಲಿಗೇ ನಿಂತಿದೆ ಎಂದರ್ಥ; ಆಗ ತಮ್ಮನಿಗೆ ಸಮಾಧಾನವಾಗಿ ಹೇಳಬಹುದು, ಹೇಳುವ ಕೆಟ್ಟ ಸುದ್ದಿಯ ತೂಕ ಅರ್ಧ ಇಳಿಯುತ್ತದೆ.

ಮಗ ಛಾಪಾಖಾನೆಯೊಂದರಲ್ಲಿ ಬಣ್ಣಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಉಗುರಿನ ಸಂದಿಯಲ್ಲಿ ಸದಾ ನೀಲಿಯೋ ಕೆಂಪೋ ಇರುತ್ತಿತ್ತು. ಆ ಬೇಸಿಗೆಯಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಮನೆಗೆ ಕರೆತಂದು, ಇವಳನ್ನೇ ಮದುವೆಯಾಗುವುದು ಎಂದು ಪರಿಚಯಿಸಿದ್ದ. ಸೋಮವಾರ ಸಂಜೆ ತಕ್ಕಡಿ ಅವನಿಗೆ ಸುಳ್ಳು ಹೇಳಿದ. ಲ್ಯಾಬಿಗೆ ಆರೋಗ್ಯವಂತ ಹುಡುಗನ ಮಾದರಿ ಬೇಕು, ಕೆನ್ನೆಯ ಒಳಗೆ ಒಂದು ಹತ್ತಿಕಡ್ಡಿ ಆಡಿಸಿದರೆ ಮುಗಿಯಿತು ಎಂದ. ಮಗ ಟಿವಿಯಿಂದ ಕಣ್ಣು ಕೀಳದೆಯೇ ಬಾಯಿ ತೆರೆದ. ಕಡ್ಡಿ ಹೊರಬಂದ ಮೇಲೆ, "ರಿಸಲ್ಟ್ ಬಂದಾಗ ನನಗೂ ಹೇಳಪ್ಪ, ಗಂಡಸೋ ಅಲ್ವೋ ಅಂತ. ಅವಳು ಕೇಳ್ತಿದ್ಲು" ಎಂದು ನಕ್ಕ. ತಕ್ಕಡಿಯೂ ನಕ್ಕ.

ಹೆಂಡತಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಜನರ ಮುಖ ಅಳೆದವಳು. ಗಂಡನ ಮುಖ ಅಳೆಯಲು ಅವಳಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಮಗ ಸ್ನಾನಕ್ಕೆ ಹೋದ ಮೇಲೆ ಅಡುಗೆಮನೆಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು. ಅವನು ಎಲ್ಲವನ್ನೂ ಹೇಳಿದ. ಡ್ರೈವರ್‌ನ ರಕ್ತ, ತನ್ನ ಐದು ಗೆರೆ, ತಮ್ಮನ ವರದಿ, ಗುರುವಾರ. ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಪೂರ್ತಿ ಕೇಳಿದಳು. ಹಾಗಾದರೆ ತಮ್ಮನಿಗೆ ಈಗಲೇ ಫೋನ್ ಮಾಡಿ ಎಂದಳು. ಮಗನದು ನೋಡಿದ ಮೇಲೆ ಮಾಡುತ್ತೇನೆ ಎಂದ ಅವನು.

"ಅವನದ್ದು ನೋಡಬೇಡಿ" ಎಂದಳು.

"ಯಾಕೆ?"

"ಬೇಡ ಅಂದ್ರೆ ಬೇಡ. ಹತ್ತಿಕಡ್ಡಿ ಬಿಸಾಡಿ."

ಅವಳು ಮತ್ತೆ ನಲ್ಲಿ ತಿರುಗಿಸಿದಳು. ಅಲ್ಲಿಯವರೆಗೆ ಅವನ ತಲೆಗೆ ಬಾರದಿದ್ದ ಒಂದು ಸಂಗತಿ ಆ ನೀರಿನ ಸದ್ದಿನಲ್ಲಿ ಸದ್ದಿಲ್ಲದೆ ಒಳಗೆ ಬಂದು ಕೂತಿತು. ತಂದೆಯಲ್ಲಿ ಇಲ್ಲದ ಗೆರೆ ಮಗನಲ್ಲಿ ಇರಲು ಸಾಧ್ಯವಿಲ್ಲ. ಮಗನ ಸಾಲಿನಲ್ಲಿ ಆರು ಗೆರೆಗಳು ಹೊಳೆದರೆ ಮಗ ಪೂರ್ತಿ ಆರೋಗ್ಯವಂತ. ಆರು ಹೊಳೆದರೆ ಮಗ ತನ್ನವನಲ್ಲ.

ಮದುವೆಯಾದ ಮೇಲೆ ಅವರಿಗೂ ಬಹಳ ಕಾಲ ಮಕ್ಕಳಾಗಿರಲಿಲ್ಲ. ಎಲ್ಲರಿಗೂ ಒಮ್ಮೊಮ್ಮೆ ತಡವಾಗುತ್ತದೆ ಎಂದುಕೊಂಡಿದ್ದರು. ಅವನು ತರಬೇತಿಗೆಂದು ಬೇರೆ ಊರಿಗೆ ಹೋಗಿ ಬಂದ ವರ್ಷವೇ ಅವಳು ಬಸುರಿಯಾದದ್ದು. ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ, ಲೆಕ್ಕ ಸರಿಯಾಗಿಯೇ ಇತ್ತು. ಇಷ್ಟು ವರ್ಷ ಒಮ್ಮೆಯೂ ಆ ಲೆಕ್ಕವನ್ನು ಬಿಚ್ಚಿ ನೋಡಿರಲಿಲ್ಲ. ಮಂಗಳವಾರ ಇಡೀ ದಿನ ಬೇರೇನೂ ಮಾಡಲಿಲ್ಲ. ಮಗನ ಕಿವಿ ಯಾರದು, ನಡಿಗೆ ಯಾರದು, ಎಡಗೈಲಿ ಬರೆಯುವುದು ತನ್ನ ಕಡೆ ಯಾರಿಗಿತ್ತು. ತಿಂಡಿ ತಿನ್ನುವಾಗ ಮಗನನ್ನು ದಿಟ್ಟಿಸುತ್ತಿದ್ದವನು, ಏನಪ್ಪ ಹಾಗೆ ನೋಡ್ತೀಯ ಎಂದು ಮಗ ಕೇಳಿದಾಗ ತಟ್ಟೆಯ ಕಡೆ ತಿರುಗಿಕೊಂಡ. ಹೆಂಡತಿಯನ್ನು ಕೇಳಿಬಿಡಬಹುದಿತ್ತು. ಆದರೆ ಅವಳು ಏನು ಹೇಳಿದರೂ ಅದು ಮಾತು. ಜೆಲ್ಲಿನ ಮೇಲೆ ಬರುವುದು ಮಾತಲ್ಲ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಹತ್ತಿಕಡ್ಡಿಯನ್ನು ಬಿಸಾಡಲಿಲ್ಲ.

ಅವತ್ತು ತಮ್ಮನೇ ಫೋನ್ ಮಾಡಿದ. ಗುರುವಾರಕ್ಕೆ ರಜೆ ಹಾಕಿದ್ದೇನೆ, ಹೆಂಡತಿಯನ್ನು ಮಂಚದಿಂದ ಇಳಿಯಲು ಬಿಡುವುದಿಲ್ಲ ಎಂದೆಲ್ಲ ಹೇಳಿದ. ನಿನಗೇನೂ ಹೆದರಿಕೆ ಇಲ್ಲವಾ ಎಂದು ಅಣ್ಣ ಕೇಳಿದ. "ಏನಕ್ಕೆ ಹೆದರಿಕೆ? ನೀನೇ ತೂಕ ಹಾಕಿ ಕೊಟ್ಟಿದ್ದೀಯಲ್ಲ" ಎಂದ ತಮ್ಮ.

ಬುಧವಾರ ಮಧ್ಯಾಹ್ನ, ಅಕ್ಕ ಊಟಕ್ಕೆ ಹೋದ ಹೊತ್ತಿನಲ್ಲಿ, ತಕ್ಕಡಿ ಕತ್ತಲೆ ಪೆಟ್ಟಿಗೆಯ ಮುಂದೆ ಕೂತ. ಜೆಲ್ಲನ್ನು ಒಳಗಿಟ್ಟು ನೇರಳೆ ಬೆಳಕು ಹಾಕಿದ. ಕಣ್ಣು ಮೊದಲು ಓಡಿದ್ದು ಮಗನ ಸಾಲಿನ ಕೊನೆಗೆ, ಆರನೆಯ ಜಾಗಕ್ಕೆ.

ಕತ್ತಲು.

ಎದೆಯ ಮೇಲಿಂದ ಯಾರೋ ಕಾಲು ತೆಗೆದಂತಾಯಿತು. ಇಲ್ಲ. ಮಗನಲ್ಲೂ ಆ ಗೆರೆ ಇಲ್ಲ. ನನ್ನವನು. ಕಿವಿ, ನಡಿಗೆ, ಎಡಗೈ, ಎಲ್ಲ ನನ್ನದೇ. ಕುರ್ಚಿಗೆ ಒರಗಿ ಉಸಿರು ಬಿಟ್ಟ. ಯಾರಾದರೂ ನೋಡಿದ್ದರೆ ಲಾಟರಿ ಹೊಡೆಯಿತೇ ಎಂದು ಕೇಳಬೇಕು, ಅಷ್ಟು ಹಿಗ್ಗು ಮುಖದ ಮೇಲೆ. ಆ ಹಿಗ್ಗಿನಲ್ಲೇ ಮತ್ತೊಮ್ಮೆ ಬಗ್ಗಿ, ಮೇಲಿನಿಂದ ಕೆಳಗೆ ಒಂದೊಂದಾಗಿ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯ ಜಾಗದಲ್ಲಿ ಏನೂ ಇರಲಿಲ್ಲ.

ಪೆಟ್ಟಿಗೆಯ ಗಾಜು ಒರೆಸಿದ. ಕನ್ನಡಕ ಒರೆಸಿದ. ಪಕ್ಕದಲ್ಲಿ ಡ್ರೈವರ್‌ನ ಐದನೆಯ ಗೆರೆ, ತನ್ನ ಐದನೆಯ ಗೆರೆ ಎರಡೂ ಸ್ವಚ್ಛವಾಗಿ ಹೊಳೆಯುತ್ತಿದ್ದವು. ಅಂದರೆ ಪ್ರೈಮರ್ ಸರಿಯಾಗಿದೆ. ಕಳಚುವುದು ತನ್ನಲ್ಲಿ ನಿಂತಿಲ್ಲ. ಮಗನಲ್ಲಿ ಮುಂದುವರಿದಿದೆ. ಐದನೆಯ ತುಂಡೂ ಇಲ್ಲದ ಗಂಡಸರ ವರದಿಗಳನ್ನು ಅವನೇ ಎಷ್ಟೋ ಬರೆದಿದ್ದ. ಅವರಲ್ಲಿ ತಾನಾಗಿ ತಂದೆಯಾದವರು ಎಲ್ಲೋ ಒಬ್ಬರು.

ಅಷ್ಟಾದರೂ ಮನೆಗೆ ನಡೆದು ಹೋಗುವಾಗ ಅವನ ಹೆಜ್ಜೆ ಹಗುರವಾಗಿಯೇ ಇತ್ತು. ತನಗೇ ಅದು ಅಸಹ್ಯವೆನಿಸಿತು, ಆದರೆ ಮೈ ಮಾತು ಕೇಳಲಿಲ್ಲ. ಮೊದಲು ಬಂದ ಸಂತೋಷ ಮುಖದಿಂದ ಇಳಿಯುವ ಮೊದಲೇ ಬಾಗಿಲು ತೆರೆಯಿತು.

ಹೆಂಡತಿ ಅವನನ್ನು ಒಳಗೆ ಬಿಟ್ಟು, ಕೂತುಕೊಳ್ಳಿ ಎಂದೂ ಹೇಳದೆ ಕಾದಳು. ಅವನು ಹೇಳಿದ: ಮಗನಲ್ಲಿ ಆರನೆಯದೂ ಇಲ್ಲ, ಐದನೆಯದೂ ಇಲ್ಲ. ಅದರ ಅರ್ಥವನ್ನೂ ಬಿಡಿಸಿ ಹೇಳಿದ. ಅವಳು ಗೋಡೆಗೆ ಕೈ ಊರಿದಳು.

"ಮತ್ತೆ ನಗ್ತಾ ಬಂದ್ರಲ್ಲ" ಎಂದಳು.

"ನಗಲಿಲ್ಲ."

"ನಗ್ತಾ ಬಂದ್ರಿ. ನಾನು ಕಿಟಕಿಯಿಂದಲೂ ನೋಡಿದೆ. ಮಗನಿಗೆ ಹೀಗಿದೆ ಅಂತ ತಿಳಿದು ಬಂದವರು ನಗೋಕೆ ಏನಿತ್ತು?"

ಅವಳ ಮುಖದಲ್ಲಿ ಅರ್ಥವಾಗುತ್ತಾ ಬಂದದ್ದನ್ನು ಅವನು ನಿಂತು ನೋಡಬೇಕಾಯಿತು. ಸೋಮವಾರದ ಅವಳ ಬೇಡ, ಮಂಗಳವಾರದ ಅವನ ಮೌನ, ತಿಂಡಿಯ ಹೊತ್ತಿನ ಆ ದಿಟ್ಟಿಸುವ ನೋಟ, ಎಲ್ಲವನ್ನೂ ಅವಳು ಒಂದಕ್ಕೊಂದು ಜೋಡಿಸಿದಳು.

"ಅವನ ಮೈಯೊಳಗಿನದು ಅವನಿಗಿಂತ ಮುಂಚೆ ನಮಗೆ ಗೊತ್ತಾಗೋದು ಬೇಡ ಅಂದೆ" ಎಂದಳು, ದನಿ ಏರಿಸದೆ. "ಇವತ್ತು ಅವನು ಆ ಹುಡುಗಿ ಜೊತೆ ಮನೆ ನೋಡೋಕೆ ಹೋಗಿದ್ದಾನೆ. ಎರಡು ರೂಮಿನದೇ ಬೇಕಂತೆ, ಮುಂದೆ ಬೇಕಾಗುತ್ತೆ ಅಂತ. ನಾನು ಯೋಚಿಸಿದ್ದು ಅವನನ್ನ. ನೀವು ನನ್ನನ್ನ."

ಅವನು ಕೈ ಹಿಡಿಯಲು ಹೋದ. ಅವಳು ಕೈಯನ್ನು ಕಿತ್ತುಕೊಳ್ಳಲಿಲ್ಲ, ಅದು ಅವಳದ್ದಲ್ಲವೇನೋ ಎಂಬಂತೆ ಅಲ್ಲೇ ಬಿಟ್ಟಳು. ತಮ್ಮನಿಗೆ ಈಗ ಫೋನ್ ಮಾಡಿ ಎಂದಳು. ಅವನು ಗಡಿಯಾರ ನೋಡಿದ. ಒಂದೇ ಸಲದ ಪರೀಕ್ಷೆ ಇದು, ಕೆನ್ನೆಯ ಮಾದರಿ, ಅದೂ ಸ್ವಲ್ಪವೇ. ಇಂಥದ್ದನ್ನು ಇನ್ನೊಮ್ಮೆ ನೋಡದೆ ಬಾಯಿಂದ ಹೊರಗೆ ಹಾಕಲಾಗದು, ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ, ಕ್ಲಿನಿಕ್ಕಿನಲ್ಲಿ ಅವರ ಸರದಿ ಬರುವುದರೊಳಗೆ ಮುಗಿದುಹೋಗುತ್ತದೆ ಎಂದ. ಹೇಳುತ್ತ ಹೇಳುತ್ತ ಅವನ ದನಿಗೆ ಕಸುವು ಬಂತು. ತನಗೆ ಗೊತ್ತಿದ್ದ ನೆಲಕ್ಕೆ ಕಾಲು ತಾಗಿತ್ತು.

"ನಿಮ್ಮ ತಮ್ಮನದ್ದು ಎಷ್ಟು ಸಲ ನೋಡಿದ್ರಿ?" ಎಂದು ಕೇಳಿದಳು ಹೆಂಡತಿ. ಉತ್ತರಕ್ಕೆ ಕಾಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ತಾನೇ ಫೋನ್ ಮಾಡಿಬಿಡುತ್ತಾಳೆ ಎಂದು ಅವನು ಹೆದರಿದ. ಮಾಡಲಿ ಎಂದೂ ಆಸೆಪಟ್ಟ. ಆ ಸಂಜೆ ಅವಳಿಗೆ ಯಾರ ಜೊತೆಗೂ ಮಾತಾಡುವ ಚೈತನ್ಯ ಉಳಿದಿರಲಿಲ್ಲ.

ಗುರುವಾರ ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಹೋದ. ಯಂತ್ರಕ್ಕೆ ಅವನ ಅವಸರ ತಿಳಿಯದು. ಅದು ತನ್ನ ಬಿಸಿ ತಂಪುಗಳ ಸುತ್ತುಗಳನ್ನು ಒಂದೂ ಬಿಡದೆ ಮುಗಿಸಿಯೇ ನಿಂತಿತು. ಆಮೇಲೆ ಜೆಲ್ಲು. ಅಕ್ಕ ಬಂದು ಅವನ ಪಕ್ಕದಲ್ಲಿ ಕೈಗವಸು ಹಾಕಿಕೊಂಡು ನಿಂತಳು. ನೇರಳೆ ಬೆಳಕಿನಲ್ಲಿ ಮತ್ತೆ ನಾಲ್ಕೇ ಗೆರೆಗಳು. ಅವಳು ನಿಧಾನವಾಗಿ ಬೆಳಕು ಆರಿಸಿದಳು. ತಕ್ಕಡಿ ಫೋನ್ ಎತ್ತಿಕೊಂಡು ಮೆಟ್ಟಿಲ ಕಡೆ ಹೋದ.

ತಮ್ಮ ಮೊದಲ ಗಂಟೆಗೇ ಎತ್ತಿದ. ದನಿ ಕುಣಿಯುತ್ತಿತ್ತು. "ಅಣ್ಣಾ, ಈಗಷ್ಟೇ ಮುಗೀತು. ನಮ್ಮದೇ ಮೊದಲು ತಗೊಂಡ್ರು. ಎರಡು ಬಿಟ್ಟಿದ್ದಾರೆ. ಲಿಫ್ಟ್ ಹೊರಟಿದೆ ಮಾರಾಯ, ಯಾವ ಮಹಡಿಲಿ ನಿಲ್ಲುತ್ತೋ ನೋಡಬೇಕು."

ಅಣ್ಣ ಮೆಟ್ಟಿಲ ಮೇಲೆ ಕೂತ. ಅವಳ ಹತ್ತಿರ ಇದ್ದೀಯಾ ಎಂದು ಕೇಳಿದ. ಹೌದು, ಮಲಗಿದ್ದಾಳೆ ಎಂದ ತಮ್ಮ. ಸ್ವಲ್ಪ ಹೊರಗೆ ಬಾ ಎಂದ ಅಣ್ಣ. ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು, ಹಿಂದೆಯೇ ಓಡಾಡುವ ಜನರ ಗದ್ದಲ.

"ನಿನ್ನ ರಿಪೋರ್ಟ್ ತಪ್ಪು" ಎಂದ.

ಆಮೇಲೆ ಅವನು ಎಲ್ಲವನ್ನೂ ಹೇಳಿದ, ಒಂದನ್ನೂ ಬಿಡದೆ, ತನ್ನ ಮಗನ ನಾಲ್ಕು ಗೆರೆಗಳವರೆಗೆ. ಸೋಮವಾರವೇ ಗೊತ್ತಿತ್ತು ಎಂಬುದನ್ನೂ ಹೇಳಿದ. ತಮ್ಮ ಬೈಯುತ್ತಾನೆ ಎಂದು ಕಾದ. ಬೈದರೆ ಒಳ್ಳೆಯದು ಎಂದುಕೊಂಡ. ತಮ್ಮ ಕೇಳಿದ್ದು ಒಂದೇ ಮಾತು, ಅದೂ ಬೇರೆಯವರ ದನಿಯಂತಿತ್ತು.

"ಗಂಡಾದರೆ, ನಿನ್ನ ಮಗನಿಗೆ ಆದ ಹಾಗೆ?"

"ನನಗಾದ ಹಾಗೂ ಆಗಬಹುದು, ಅವನಿಗಾದ ಹಾಗೂ ಆಗಬಹುದು. ಹೇಳೋಕಾಗಲ್ಲ."

"ಸೋಮವಾರ ಹೇಳಿದ್ರೆ ಯೋಚನೆ ಮಾಡಬಹುದಿತ್ತು."

"ಹೌದು."

ಬಾಗಿಲು ಮತ್ತೆ ತೆರೆದ ಸದ್ದಾಯಿತು. ತಮ್ಮ ಫೋನು ಇಡುವುದನ್ನು ಮರೆತಿದ್ದ. ಅದು ಅವನ ಕೈಯಲ್ಲೇ ತೂಗುತ್ತಿರಬೇಕು. ಯಾರದು ಫೋನ್, ಇಷ್ಟೊತ್ತು ಎಂದು ಅವಳು ಕೇಳುವುದು ದೂರದಿಂದ ಕೇಳಿಸಿತು. "ಅಣ್ಣ ಕಣೇ" ಎಂದ ತಮ್ಮ, ಮೊದಲಿನ ಅದೇ ಕುಣಿಯುವ ದನಿಯಲ್ಲಿ. "ಅವಳಿ ಆದ್ರೆ ಒಂದನ್ನ ನಮಗೆ ಕೊಡಿ ಅಂತಿದ್ದಾನೆ." ಅವಳು ನಕ್ಕಳು. ನಗಿಸಬೇಡಿ, ಅಲ್ಲಾಡಬಾರದಂತೆ ಎಂದಳು. ತಮ್ಮನೂ ನಕ್ಕ.

ಅಣ್ಣ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅವರಿಬ್ಬರೂ ಮಕ್ಕಳಿಗೆ ಹೆಸರು ಹುಡುಕಲು ತೊಡಗಿದರು. ಗಂಡಿಗೆ ಒಂದು, ಹೆಣ್ಣಿಗೆ ಒಂದು ಎಂದಳು ಅವಳು. ಮೊದಲು ಹೆಣ್ಣಿಂದು ಹೇಳು ಎಂದ ತಮ್ಮ, ಮತ್ತೆ ಮತ್ತೆ, ಹೆಣ್ಣಿಂದೇ ಹೇಳು.